ಮೊಬೈಲ್ ನಂಬರ್ ಬದಲಿಸುತ್ತಿದ್ದೀರಾ? ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಅಪ್‌ಡೇಟ್ ಮಾಡಬೇಕು

ಹೊಸ ಸಿಮ್ ಕೈಗೆ ಬಂದ ದಿನ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ವಾಟ್ಸಾಪ್ ಸ್ಟೇಟಸ್ ಹಾಕುವುದು. ‘ಇದು ನನ್ನ ಹೊಸ ನಂಬರ್, ಸೇವ್ ಮಾಡ್ಕೊಳ್ಳಿ’ ಅಂತ. ಆಮೇಲೆ ಹಳೆಯ ಸಿಮ್‌ಗೆ ರೀಚಾರ್ಜ್ ನಿಲ್ಲಿಸುತ್ತಾರೆ. ಆಧಾರ್, ಬ್ಯಾಂಕ್ ಎಲ್ಲ ‘ಮುಂದೆ ನೋಡೋಣ’ ಅನ್ನುವ ಲೆಕ್ಕ. ಈ ಸಾಲನ್ನು ಪೂರ್ತಿ ತಿರುಗಿಸಿ. ಆಧಾರ್ ಮೊದಲು, ಅದರ ಹಿಂದೆಯೇ ಬ್ಯಾಂಕ್, ಊರಿಗೆಲ್ಲ ಹೇಳುವುದು ಆಮೇಲೆ. ಹಳೆಯ ಸಿಮ್ ಬಿಡುವುದು ಎಲ್ಲಕ್ಕಿಂತ ಕೊನೆಗೆ.

ಕಾರಣ ಇಷ್ಟೇ. ಯಾವ ತಾಣಕ್ಕೆ ಹೋಗಿ ನಂಬರ್ ಬದಲಿಸಲು ನೋಡಿದರೂ ಅದು ಸಾಮಾನ್ಯವಾಗಿ ಹಳೆಯ ನಂಬರಿಗೇ ಓಟಿಪಿ ಕಳಿಸುತ್ತದೆ. ಹಳೆಯ ಸಿಮ್ ಜೀವಂತ ಇದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಅರ್ಜಿ, ಸಹಿ, ಕ್ಯೂ, ‘ಸರ್ವರ್ ಡೌನ್, ನಾಳೆ ಬನ್ನಿ’. ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ನೀವು ಬಿಟ್ಟ ನಂಬರ್ ಹಾಗೇ ಮೂಲೆಯಲ್ಲಿ ಬಿದ್ದಿರುವುದಿಲ್ಲ. ಸಂಪರ್ಕ ಕಡಿತವಾಗಿ ಕನಿಷ್ಠ 90 ದಿನ ಕಳೆದ ಮೇಲೆ ಕಂಪನಿ ಅದನ್ನು ಬೇರೆಯವರಿಗೆ ಕೊಡಬಹುದು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದನ್ನೇ ಹೇಳಿತ್ತು. ಹಳೆಯ ನಂಬರಿನಲ್ಲಿರುವ ತಮ್ಮ ಮಾಹಿತಿಯನ್ನು ತೆಗೆದುಹಾಕುವ ಎಚ್ಚರಿಕೆ ಬಳಕೆದಾರರದ್ದೇ ಎಂದು ಕೋರ್ಟ್ ಕೂಡ ಹೇಳಿತು. ಮನೆ ಖಾಲಿ ಮಾಡಿ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಬಂದ ಹಾಗೆ ಆಗಬಾರದು, ಅಲ್ವಾ?

ಮೊದಲ ಪ್ರಶ್ನೆ: ನಂಬರ್ ಬದಲಿಸಲೇಬೇಕಾ?

ಬಹಳ ಸಲ ಬೇಕಿರುವುದಿಲ್ಲ. ಸಿಗ್ನಲ್ ಸರಿ ಇಲ್ಲ, ಪ್ಲಾನ್ ದುಬಾರಿ ಅನ್ನುವುದು ಕಾರಣವಾದರೆ ಕಂಪನಿ ಬದಲಿಸಿ, ನಂಬರ್ ಉಳಿಸಿಕೊಳ್ಳಿ. ಪೋರ್ಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಎಂಟು ಅಕ್ಷರದ ಕೋಡ್ ಬರುತ್ತದೆ. ನಮ್ಮ ಕಡೆ ಅದು ನಾಲ್ಕು ದಿನ ನಡೆಯುತ್ತದೆ. ಅಷ್ಟರಲ್ಲಿ ಹೊಸ ಕಂಪನಿಯ ಅಂಗಡಿಗೆ ಆಧಾರ್ ಹಿಡಿದು ಹೋದರೆ ಸಾಕು. ಪೋರ್ಟ್ ಆಗಲು ಒಂದೇ ಸರ್ಕಲ್‌ನೊಳಗೆ, ಅಂದರೆ ಒಂದೇ ಟೆಲಿಕಾಂ ವಲಯದಲ್ಲಿ, ಮೂರು ಕೆಲಸದ ದಿನ, ಬೇರೆ ಸರ್ಕಲ್‌ಗೆ ಐದು. ಸಂಪರ್ಕ ಪಡೆದು ಅಥವಾ ಹಿಂದೆ ಪೋರ್ಟ್ ಮಾಡಿ 90 ದಿನ ಆಗಿರಬೇಕು, ಅಷ್ಟೇ.

ಮಂಗಳೂರಿನಿಂದ ಪುಣೆಗೆ ಕೆಲಸಕ್ಕೆ ಹೋದವರು ಅಲ್ಲಿಯ ನಂಬರ್ ತಗೊಳ್ಳಲೇಬೇಕು ಅಂತ ಈಗಲೂ ಅಂದುಕೊಳ್ಳುತ್ತಾರೆ. ದೇಶದೊಳಗೆ ರೋಮಿಂಗ್ ಭಯ ಹೋಗಿ ಎಷ್ಟೋ ಕಾಲವಾಯಿತು. ಬೇರೆ ರಾಜ್ಯಕ್ಕೂ ಪೋರ್ಟ್ ಮಾಡುವ ಸೌಲಭ್ಯ 2015ರಿಂದಲೇ ಇದೆ.

ಸಿಮ್ ಕಳೆದುಹೋಗಿದೆಯಾ? ಆಗಲೂ ಹೊಸ ನಂಬರ್ ಬೇಡ. ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತಗೊಳ್ಳಿ. ಅದು ಚಾಲೂ ಆದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಹೆದರಬೇಡಿ, ನಿಮ್ಮ ಹೆಸರಲ್ಲಿ ಬೇರೆಯವರು ಸಿಮ್ ತೆಗೆದು ಹಣ ಲಪಟಾಯಿಸದಿರಲಿ ಅಂತ ಇಟ್ಟ ನಿಯಮ ಅದು. ಫೋನೇ ಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಆ್ಯಪ್‌ನಲ್ಲಿ ದೂರು ದಾಖಲಿಸಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಿಸಿ.

ಇಷ್ಟೆಲ್ಲ ಆದ ಮೇಲೂ ಬದಲಿಸಲೇಬೇಕು ಅಂತಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಪಟ್ಟಿ ಮಾಡಿ

ನಂಬರ್ ಎಲ್ಲೆಲ್ಲಿ ಕೊಟ್ಟಿದ್ದೇವೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಆದರೆ ನಿಮ್ಮ ಎಸ್ಸೆಮ್ಮೆಸ್ ಪೆಟ್ಟಿಗೆಗೆ ನೆನಪಿದೆ. ಅದನ್ನು ತೆರೆದು ಒಂದು ವರ್ಷ ಹಿಂದಕ್ಕೆ ಹೋಗಿ. ಈಗ ಸಂಸ್ಥೆಗಳಿಂದ ಬರುವ ಎಸ್ಸೆಮ್ಮೆಸ್‌ನಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಜಿ ಅಂದರೆ ಸರ್ಕಾರ, ಟಿ ಅಂದರೆ ಓಟಿಪಿ ಮತ್ತು ಹಣದ ವ್ಯವಹಾರ, ಎಸ್ ಅಂದರೆ ಸೇವೆ, ಪಿ ಅಂದರೆ ಜಾಹೀರಾತು. ಪಿ ಇರುವವನ್ನು ಬಿಟ್ಟುಬಿಡಿ. ಅವರಿಗೆ ಹೊಸ ನಂಬರ್ ಗೊತ್ತಾಗದಿರುವುದೇ ಒಳ್ಳೆಯದು! ಉಳಿದ ಮೂರನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಬ್ಯಾಂಕ್, ಗ್ಯಾಸ್, ಎಲ್‌ಐಸಿ, ಪಿಎಫ್, ಮಕ್ಕಳ ಶಾಲೆ, ಬೆಸ್ಕಾಂ ಬಿಲ್, ಎಲ್ಲ ತಾನಾಗಿ ಹೊರಬರುತ್ತವೆ.

ವರ್ಷಕ್ಕೊಮ್ಮೆ ಮಾತ್ರ ಮೆಸೇಜ್ ಕಳಿಸುವವರು ಇರುತ್ತಾರೆ. ಗಾಡಿ ಇನ್ಶೂರೆನ್ಸ್, ಆದಾಯ ತೆರಿಗೆ, ಬೆಳೆ ವಿಮೆ. ಹಾಗಾಗಿಯೇ ಪೂರ್ತಿ ಒಂದು ವರ್ಷ ನೋಡಿ ಎಂದೆ.

ಮನೆಯ ಉಳಿದವರ ಪಟ್ಟಿಯೂ ಇದರಲ್ಲೇ ಸೇರಬೇಕು. ಹಳ್ಳಿಗಳಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರ ಆಧಾರ್‌ಗೂ ಮಗನ ಒಂದೇ ನಂಬರ್ ಜೋಡಿಸಿರುವುದು ಮಾಮೂಲು. ಅದಕ್ಕೆ ಅವಕಾಶವೂ ಇದೆ. ಆದರೆ ಮಗ ಬೆಂಗಳೂರಿನಲ್ಲಿ ಕೂತು ನಂಬರ್ ಬದಲಿಸಿದರೆ ಊರಲ್ಲಿ ಇಡೀ ಮನೆಯ ಓಟಿಪಿ ನಿಲ್ಲುತ್ತದೆ. ಇನ್ನು ಕೆಲವರ ಆಧಾರ್‌ನಲ್ಲಿ ಯಾವತ್ತೋ ಅರ್ಜಿ ಹಾಕಿಕೊಟ್ಟ ಸೈಬರ್ ಸೆಂಟರ್‌ನವನ ನಂಬರ್ ಇರುತ್ತದೆ. ಪರೀಕ್ಷಿಸುವುದು ಸುಲಭ. ಮೈಆಧಾರ್ ತಾಣದಲ್ಲಿ ಆಧಾರ್ ಸಿಂಧುತ್ವ ನೋಡುವ ಆಯ್ಕೆ ಇದೆ. ಆಧಾರ್ ಸಂಖ್ಯೆ ಹಾಕಿದರೆ ಜೋಡಿಸಿರುವ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಮನೆಯ ಎಲ್ಲರದ್ದೂ ಹಾಗೆ ನೋಡಿ, ಪಟ್ಟಿಗೆ ಸೇರಿಸಿ.

ಆಧಾರ್: ಇಲ್ಲಿಂದಲೇ ಶುರು

ಆಧಾರ್ ಮೊದಲು ಯಾಕೆ ಅಂದರೆ ಮುಂದಿನ ಎಷ್ಟೋ ಕಡೆ ಹಳೆಯ ನಂಬರ್ ಇಲ್ಲದಿದ್ದರೂ ಆಧಾರ್ ಓಟಿಪಿಯಿಂದ ದಾರಿ ಸಿಗುತ್ತದೆ. ಪಿಎಫ್, ಆದಾಯ ತೆರಿಗೆ, ಡಿಜಿಲಾಕರ್, ಡ್ರೈವಿಂಗ್ ಲೈಸೆನ್ಸ್, ಸೇವಾ ಸಿಂಧು ಎಲ್ಲವೂ ಅದನ್ನು ಒಪ್ಪುತ್ತವೆ. ಆಧಾರ್‌ನಲ್ಲಿ ಹೊಸ ನಂಬರ್ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಮೊಬೈಲ್ ನಂಬರ್ ಬದಲಾವಣೆಗೆ ಕೇಂದ್ರಕ್ಕೆ ಹೋಗುವುದೇ ನೆಚ್ಚಿಕೊಳ್ಳಬಹುದಾದ ದಾರಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ತನ್ನ ಹೊಸ ಆಧಾರ್ ಆ್ಯಪ್‌ನಲ್ಲಿ ಮನೆಯಿಂದಲೇ ನಂಬರ್ ಬದಲಿಸುವ ಸೌಲಭ್ಯ ತರುವುದಾಗಿ 2025ರ ಕೊನೆಯಲ್ಲಿ ಪ್ರಕಟಿಸಿತು. ಫೋನ್ ಬಳಸಿ ಅಭ್ಯಾಸ ಇರುವವರು ಮೊದಲು ಆ ಆ್ಯಪ್ ತೆರೆದು ನೋಡಬಹುದು. ವಯಸ್ಸಾದವರನ್ನು ಸುಮ್ನೆ ಕೇಂದ್ರಕ್ಕೇ ಕರೆದುಕೊಂಡು ಹೋಗಿ, ಅದೇ ಬೇಗ ಆಗುತ್ತದೆ.

ಕೇಂದ್ರ ಎಲ್ಲಿದೆ? ಆಧಾರ್ ಸೇವಾ ಕೇಂದ್ರಗಳ ಜೊತೆಗೆ ಕೆಲವು ಅಂಚೆ ಕಚೇರಿ, ಬ್ಯಾಂಕ್ ಶಾಖೆ, ನಾಡಕಚೇರಿ, ಬೆಂಗಳೂರು ಒನ್ ಮತ್ತು ಕರ್ನಾಟಕ ಒನ್‌ಗಳಲ್ಲೂ ಆಧಾರ್ ಕೌಂಟರ್ ಇರುತ್ತದೆ. ಆಧಾರ್ ಸೇವಾ ಕೇಂದ್ರಕ್ಕಾದರೆ ಆನ್‌ಲೈನ್‌ನಲ್ಲಿ ಮೊದಲೇ ಸಮಯ ಕಾಯ್ದಿರಿಸಿ. ಹಾಗೆ ಮಾಡದೆ ಹೋದರೆ ಟೋಕನ್‌ಗೆ ಬೆಳಿಗ್ಗೆಯೇ ನಿಲ್ಲಬೇಕಾದೀತು. ನಡೆದಾಡಲು ಆಗದವರಿಗೆ ಅಂಚೆಯಣ್ಣ ಮನೆಗೇ ಬಂದು ನಂಬರ್ ಬದಲಿಸಿಕೊಡುವ ವ್ಯವಸ್ಥೆಯನ್ನು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ 2021ರಲ್ಲಿ ಶುರು ಮಾಡಿದೆ. ನಿಮ್ಮ ಅಂಚೆ ಕಚೇರಿಯಲ್ಲಿ ಒಮ್ಮೆ ಕೇಳಿ.

ನಂಬರ್ ಬದಲಾವಣೆಗೆ ಯಾವ ದಾಖಲೆಯೂ ಬೇಡ. ಆಧಾರ್ ಸಂಖ್ಯೆ ಹೇಳಿ, ಬೆರಳಚ್ಚು ಅಥವಾ ಕಣ್ಣಿನ ಗುರುತು ಕೊಟ್ಟರೆ ಆಯಿತು. ಹಳೆಯ ನಂಬರಿನ ಓಟಿಪಿಯೂ ಬೇಕಿಲ್ಲ. 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ. ಅದೇ ಭೇಟಿಯಲ್ಲಿ ವಿಳಾಸ, ಇಮೇಲ್ ಎಲ್ಲ ಒಟ್ಟಿಗೆ ಬದಲಿಸಿದರೂ ಒಂದೇ ಶುಲ್ಕ, ಆದ್ದರಿಂದ ಬೇಕಾದ್ದನ್ನೆಲ್ಲ ಒಂದೇ ಸಲ ಹೇಳಿ. ಟೈಪ್ ಮಾಡುವವರು ಪರದೆ ತೋರಿಸಿದಾಗ ಹತ್ತೂ ಅಂಕಿ ಬಾಯಿಬಿಟ್ಟು ಓದಿ ನೋಡಿ. ಕೊಟ್ಟ ಚೀಟಿಯಲ್ಲಿನ ಸಂಖ್ಯೆಯಿಂದ ಆಮೇಲೆ ಸ್ಥಿತಿ ತಿಳಿಯಬಹುದು, ಅದನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವರಿಗೆ ಒಂದೆರಡು ದಿನದಲ್ಲಿ ಆಗುತ್ತದೆ, 30 ದಿನದವರೆಗೂ ಹಿಡಿಯಬಹುದು. ಸಂದೇಹ ಇದ್ದರೆ 1947ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ವಿಳಾಸ ಬದಲಾವಣೆಗೆ ಮಾತ್ರ ಕೇಂದ್ರದ ಓಡಾಟ ಬೇಡ. ಮೈಆಧಾರ್ ತಾಣದಲ್ಲಿ ಓಟಿಪಿ ಹಾಕಿ ಒಳಗೆ ಹೋಗಿ, ಹೊಸ ವಿಳಾಸದ ದಾಖಲೆ ಅಪ್‌ಲೋಡ್ ಮಾಡಿದರೆ ಸಾಕು. ನಿಮ್ಮ ಹೆಸರಲ್ಲಿ ಯಾವ ದಾಖಲೆಯೂ ಇಲ್ಲವಾ? ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣುಮಕ್ಕಳಿಗೆ, ಬಾಡಿಗೆ ಕರಾರು ಅಪ್ಪನ ಹೆಸರಲ್ಲಿರುವ ಹುಡುಗರಿಗೆ ಇದೇ ಸಮಸ್ಯೆ. ಅವರಿಗೆ ಕುಟುಂಬದ ಮುಖ್ಯಸ್ಥರ ಮೂಲಕ ವಿಳಾಸ ಬದಲಿಸುವ ಆಯ್ಕೆ ಇದೆ. ಸಂಬಂಧ ತೋರಿಸುವ ದಾಖಲೆ ಹಾಕಿದ ಮೇಲೆ ಮುಖ್ಯಸ್ಥರಿಗೆ ಕೋರಿಕೆ ಹೋಗುತ್ತದೆ. ಅವರು ತಮ್ಮ ಮೈಆಧಾರ್‌ಗೆ ಹೋಗಿ 30 ದಿನದೊಳಗೆ ಒಪ್ಪಬೇಕು. ಮಾವನವರಿಗೆ ಮೆಸೇಜ್ ನೋಡುವ ಅಭ್ಯಾಸ ಇಲ್ಲದಿದ್ದರೆ ನೀವೇ ಪಕ್ಕದಲ್ಲಿ ಕೂತು ಒಪ್ಪಿಸಿ. ಗಡುವು ದಾಟಿದರೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಹೆಸರನ್ನು ಜೀವನದಲ್ಲಿ ಎರಡೇ ಸಲ ತಿದ್ದಬಹುದು, ಆದರೆ ವಿಳಾಸ ಮತ್ತು ಮೊಬೈಲ್‌ಗೆ ಅಂಥ ಮಿತಿ ಇಲ್ಲ.

ಬ್ಯಾಂಕ್ ಮತ್ತು ಯುಪಿಐ

‘ಆಧಾರ್‌ನಲ್ಲಿ ಬದಲಿಸಿದೆ, ಬ್ಯಾಂಕ್‌ನಲ್ಲೂ ತಾನಾಗಿ ಬದಲಾಗುತ್ತೆ’ ಅಂತ ನಂಬಿ ಕೂತವರು ಬಹಳ. ಆಗುವುದಿಲ್ಲ. ಒಂದೊಂದು ಬ್ಯಾಂಕಿಗೂ ಬೇರೆ ಬೇರೆಯಾಗಿ ಹೇಳಬೇಕು.

ನೆಟ್ ಬ್ಯಾಂಕಿಂಗ್‌ನಲ್ಲಿ ಬದಲಿಸುವ ಆಯ್ಕೆ ಇದ್ದರೆ ಹಳೆಯ ಸಿಮ್ ಚಾಲೂ ಇರುವಾಗಲೇ ಮಾಡಿ. ಕೆಲವು ಬ್ಯಾಂಕುಗಳಲ್ಲಿ ಎಟಿಎಂನಲ್ಲೂ ಆಗುತ್ತದೆ. ಇವೆರಡೂ ಇಲ್ಲವೆಂದರೆ ಪಾಸ್‌ಬುಕ್, ಆಧಾರ್, ಪ್ಯಾನ್ ಹಿಡಿದು ಶಾಖೆಗೆ ಹೋಗಿ ಅರ್ಜಿ ಕೊಡಿ. ಅರ್ಜಿಯ ಸಹಿ ಬ್ಯಾಂಕಿನಲ್ಲಿರುವ ಸಹಿಗೆ ಹೊಂದಬೇಕು. ಕೌಂಟರ್‌ನಲ್ಲಿ ಒಂದು ಮಾತು ಕೇಳಿ: ‘ಈ ನಂಬರ್ ನನ್ನ ಎಲ್ಲ ಖಾತೆಗೂ ಹತ್ತುತ್ತಾ?’ ನಿಮ್ಮ ಗ್ರಾಹಕ ಸಂಖ್ಯೆ ಎರಡಿದ್ದರೆ ಒಂದರಲ್ಲಿ ಬದಲಾಗಿ ಇನ್ನೊಂದರಲ್ಲಿ ಹಳೆಯದೇ ಉಳಿಯಬಹುದು. ಎಫ್‌ಡಿ, ಸಾಲ, ಲಾಕರ್, ಚಿನ್ನದ ಸಾಲ ಇರುವವರಂತೂ ಕೇಳಲೇಬೇಕು. ಜಂಟಿ ಖಾತೆಯಾದರೆ ಯಾರ ನಂಬರಿಗೆ ಮೆಸೇಜ್ ಬರುತ್ತಿದೆ ಅಂತಲೂ ನೋಡಿಕೊಳ್ಳಿ.

ವಿಳಾಸ ಮಾತ್ರ ಬದಲಾಗಿದ್ದರೆ ಆರ್‌ಬಿಐ ನಿಯಮ ಸಡಿಲವಾಗಿದೆ. ನೋಂದಾಯಿತ ಇಮೇಲ್, ಮೊಬೈಲ್ ಆ್ಯಪ್ ಅಥವಾ ಪತ್ರದ ಮೂಲಕ ಸ್ವಂತ ಘೋಷಣೆ ಕೊಟ್ಟರೆ ಬ್ಯಾಂಕ್ ಅದನ್ನು ತಗೊಂಡು, ಎರಡು ತಿಂಗಳೊಳಗೆ ಆ ವಿಳಾಸವನ್ನು ಪರಿಶೀಲಿಸುತ್ತದೆ. ‘ಮತ್ತೆ ಎಲ್ಲ ಕೆವೈಸಿ ಕೊಡಿ’ ಅಂತ ಶಾಖೆಯವರು ಅಂದರೆ ಇದನ್ನು ವಿನಯದಿಂದಲೇ ನೆನಪಿಸಿ.

ಬ್ಯಾಂಕಿನಲ್ಲಿ ಹೊಸ ನಂಬರ್ ದಾಖಲಾಗಿದೆ ಎಂಬ ಮೆಸೇಜ್ ಬಂದ ಮೇಲೆಯೇ ಯುಪಿಐ ಕಡೆ ಹೋಗಿ. ಫೋನ್‌ಪೇ, ಗೂಗಲ್ ಪೇ, ಭೀಮ್ ಯಾವುದೇ ಇರಲಿ, ಆ್ಯಪ್ ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಆ ನಂಬರ್ ಬ್ಯಾಂಕಿನಲ್ಲಿದೆಯಾ ಅಂತ ತಾಳೆ ನೋಡುತ್ತದೆ. ಬ್ಯಾಂಕಿನಲ್ಲಿ ಇಲ್ಲದ ನಂಬರಿನಿಂದ ಎಷ್ಟು ಸಲ ಪ್ರಯತ್ನಿಸಿದರೂ ಖಾತೆ ಸಿಗುವುದಿಲ್ಲ. ಹಳೆಯ ನಂಬರಿನ ಪ್ರೊಫೈಲ್‌ನಲ್ಲಿ ಬ್ಯಾಂಕ್ ಖಾತೆ ತೆಗೆದು, ಆ ಪ್ರೊಫೈಲನ್ನೇ ರದ್ದು ಮಾಡಿ, ಹೊಸ ನಂಬರಿನಿಂದ ಮತ್ತೆ ನೋಂದಾಯಿಸಿ. ವಾಲೆಟ್‌ನಲ್ಲಿ ದುಡ್ಡಿದ್ದರೆ ಮೊದಲು ಖರ್ಚು ಮಾಡಿ ಅಥವಾ ಖಾತೆಗೆ ಹಾಕಿಕೊಳ್ಳಿ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಆಟೋಪೇ ಇದ್ದರೆ ಅವನ್ನೂ ಬರೆದಿಟ್ಟುಕೊಂಡು ಹೊಸದರಲ್ಲಿ ಮತ್ತೆ ಹೊಂದಿಸಿ. ಇನ್ಶೂರೆನ್ಸ್ ಪ್ರೀಮಿಯಂ ತಪ್ಪುವುದು ಹೀಗೇ.

ಅಂಗಡಿ ಇಟ್ಟುಕೊಂಡವರಿಗೆ ಒಂದು ಮಾತು. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಒಳಗೆ ಇರುವುದು ಯುಪಿಐ ವಿಳಾಸ. ಆ ವಿಳಾಸವನ್ನು ರದ್ದು ಮಾಡಿದರೆ ಕ್ಯೂಆರ್ ಸತ್ತುಹೋಗುತ್ತದೆ. ಹೊಸದು ಮುದ್ರಿಸಿ ಕೈಗೆ ಬರುವವರೆಗೆ ಹಳೆಯದನ್ನು ಮುಟ್ಟಬೇಡಿ.

2025ರ ಏಪ್ರಿಲ್‌ನಿಂದ ಬ್ಯಾಂಕುಗಳು ಮತ್ತು ಯುಪಿಐ ಆ್ಯಪ್‌ಗಳು ಬಿಟ್ಟುಹೋದ, ಮರುಹಂಚಿಕೆಯಾದ ನಂಬರುಗಳನ್ನು ವಾರಕ್ಕೊಮ್ಮೆಯಾದರೂ ತಮ್ಮ ದಾಖಲೆಯಲ್ಲಿ ಸರಿಪಡಿಸಬೇಕು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹೇಳಿದೆ. ಅಂದರೆ ನೀವು ಹಳೆಯ ಸಿಮ್ ಬಿಟ್ಟು ಯುಪಿಐ ಮಾತ್ರ ಓಡಿಸುತ್ತಿದ್ದರೆ ಒಂದು ದಿನ ಹೇಳದೆ ಕೇಳದೆ ನಿಂತುಬಿಡಬಹುದು.

ಗೂಗಲ್ ಖಾತೆ, ಸಾಮಾಜಿಕ ಜಾಲ

ಇದನ್ನು ಜನ ಸಣ್ಣದು ಅಂತ ಬಿಡುತ್ತಾರೆ. ಫೋಟೊ, ಕಾಂಟ್ಯಾಕ್ಟ್, ಜಿಮೇಲ್ ಎಲ್ಲ ಇರುವುದು ಗೂಗಲ್ ಖಾತೆಯಲ್ಲೇ ಅಲ್ವಾ? ಖಾತೆಯ ಭದ್ರತೆ ಪುಟಕ್ಕೆ ಹೋಗಿ. ರಿಕವರಿ ಫೋನ್ ಮತ್ತು ಎರಡು ಹಂತದ ಪರಿಶೀಲನೆ, ಈ ಎರಡೂ ಕಡೆ ನಂಬರ್ ಬದಲಿಸಬೇಕು. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಯಿತು ಅಂದುಕೊಳ್ಳಬೇಡಿ. ಅಲ್ಲೇ ಬ್ಯಾಕಪ್ ಕೋಡ್‌ಗಳು ಸಿಗುತ್ತವೆ. ಮುದ್ರಿಸಿ ಬೀರುವಿನಲ್ಲಿಡಿ. ಯಾವ ಸಿಮ್ ಇಲ್ಲದಿದ್ದರೂ ಅವು ಕೆಲಸ ಮಾಡುತ್ತವೆ.

ಅದೇ ಖಾತೆಯಲ್ಲಿ ‘ನನ್ನ ಬಗ್ಗೆ’ ಎಂಬ ಪುಟವೂ ಇದೆ. ನಿಮ್ಮ ಫೋನ್, ಹುಟ್ಟಿದ ದಿನ, ವಿಳಾಸಗಳಲ್ಲಿ ಯಾವುದು ಬೇರೆಯವರಿಗೆ ಕಾಣುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ. ಬೇಡವಾದ್ದರ ಮುಂದೆ ‘ನನಗೆ ಮಾತ್ರ’ ಆರಿಸಿ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡಕ್ಕೂ ಅಕೌಂಟ್ಸ್ ಸೆಂಟರ್‌ನ ವೈಯಕ್ತಿಕ ವಿವರಗಳಲ್ಲಿ ನಂಬರ್ ಇರುತ್ತದೆ. ಹೊಸದನ್ನು ಸೇರಿಸಿ, ಪರಿಶೀಲಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ಟೆಲಿಗ್ರಾಂನಲ್ಲಿ ನಂಬರ್ ಬದಲಿಸುವ ಆಯ್ಕೆ ಇದೆ, ಜೊತೆಗೆ ನಂಬರ್ ಯಾರಿಗೆ ಕಾಣಬೇಕು ಎಂಬುದನ್ನು ‘ಯಾರಿಗೂ ಬೇಡ’ ಎಂದು ಮಾಡಿ. ಟ್ರೂಕಾಲರ್‌ನಲ್ಲಿ ಹಳೆಯ ನಂಬರಿನ ಖಾತೆ ಮುಚ್ಚಿ, ಅವರ ತಾಣದಲ್ಲಿ ಆ ನಂಬರನ್ನು ಪಟ್ಟಿಯಿಂದ ತೆಗೆಸಬಹುದು. ಇಲ್ಲದಿದ್ದರೆ ನಾಳೆ ಆ ನಂಬರ್ ಪಡೆದವರು ಕರೆ ಮಾಡಿದಾಗಲೂ ನಿಮ್ಮ ಹೆಸರೇ ಕಾಣಿಸಬಹುದು.

ಸರ್ಕಾರಿ ದಾಖಲೆಗಳು

ಇವಕ್ಕೆ ಒಂದು ಭಾನುವಾರ ಎತ್ತಿಡಿ. ಆಧಾರ್ ಆದ ಮೇಲೆ ಬಹುತೇಕ ಕೂತಲ್ಲೇ ಮುಗಿಯುತ್ತವೆ.

ಆದಾಯ ತೆರಿಗೆ ತಾಣದಲ್ಲಿ ನಿಮ್ಮ ಪ್ರೊಫೈಲ್‌ಗೆ ಹೋಗಿ ಸಂಪರ್ಕ ವಿವರ ಬದಲಿಸಿ. ರಿಟರ್ನ್ ಸಲ್ಲಿಸುವವರಿಗೆ ನೋಟಿಸ್ ಬರುವುದು ಅಲ್ಲಿರುವ ಇಮೇಲ್‌ಗೆ. ಎಷ್ಟೋ ಜನರದ್ದು ಆಡಿಟರ್ ಕಚೇರಿಯ ಇಮೇಲ್ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಪಿಎಫ್‌ನ ಸದಸ್ಯರ ತಾಣದಲ್ಲಿ ಮ್ಯಾನೇಜ್ ವಿಭಾಗದೊಳಗೆ ಸಂಪರ್ಕ ವಿವರ ಇದೆ. ಕೆಲಸ ಬಿಟ್ಟು ವರ್ಷಗಳಾದರೂ ಹಳೆಯ ಕಂಪನಿಯ ಪಿಎಫ್ ಹಾಗೇ ಬಿದ್ದಿರುವವರು ಇದನ್ನು ಮರೆಯಬೇಡಿ.

ಡ್ರೈವಿಂಗ್ ಲೈಸೆನ್ಸ್ ಮತ್ತು ಗಾಡಿಯ ಆರ್‌ಸಿ ಬೇರೆ ಬೇರೆ. ಪರಿವಾಹನ್ ತಾಣದಲ್ಲಿ ಸಾರಥಿ ಅನ್ನುವುದು ಲೈಸೆನ್ಸ್‌ಗೆ, ವಾಹನ್ ಅನ್ನುವುದು ಗಾಡಿಗೆ. ಎರಡರಲ್ಲೂ ಮೊಬೈಲ್ ಬದಲಿಸಿ. ಗಾಡಿ ಮಾಲೀಕರು ಮನೆ ಬದಲಿಸಿದರೆ 30 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನಲ್ಲಿ ಕ್ಯಾಮೆರಾ ಹಾಕುವ ದಂಡದ ಸುದ್ದಿ ನಿಮಗೆ ಗೊತ್ತಾಗಬೇಕಾದರೂ ಅಲ್ಲಿ ಸರಿಯಾದ ನಂಬರ್ ಇರಬೇಕು.

ಮತದಾರರ ಪಟ್ಟಿಗೆ ನಮೂನೆ 8. ವಿಳಾಸ ಬದಲಾವಣೆ, ತಿದ್ದುಪಡಿ, ಮೊಬೈಲ್ ಜೋಡಣೆ ಎಲ್ಲಕ್ಕೂ ಅದೇ. ಚುನಾವಣಾ ಆಯೋಗದ ಮತದಾರರ ತಾಣದಲ್ಲೋ ಆಯೋಗದ ಆ್ಯಪ್‌ನಲ್ಲೋ ತುಂಬಬಹುದು. ಸಹಾಯಕ್ಕೆ 1950. ಪಾಸ್‌ಪೋರ್ಟ್‌ನಲ್ಲಿ ಮಾತ್ರ ವಿಳಾಸ ಬದಲಿಸುವುದೆಂದರೆ ಹೊಸ ಪುಸ್ತಕಕ್ಕೇ ಅರ್ಜಿ ಹಾಕಬೇಕು, ಬೇರೆ ದಾರಿ ಇಲ್ಲ.

ರೇಷನ್ ಕಾರ್ಡ್ ತಿದ್ದುಪಡಿ ನಮ್ಮ ರಾಜ್ಯದಲ್ಲಿ ಎಲ್ಲ ಕಾಲದಲ್ಲೂ ತೆರೆದಿರುವುದಿಲ್ಲ. ಅವಕಾಶ ಬಿಟ್ಟಾಗ ಗ್ರಾಮ ಒನ್, ಕರ್ನಾಟಕ ಒನ್‌ಗಳಲ್ಲಿ ಮಾಡಿಸಬೇಕು. ‘ನಂಬರ್ ಬದಲಾದರೆ ಗೃಹಲಕ್ಷ್ಮಿ ದುಡ್ಡು ನಿಲ್ಲುತ್ತಾ?’ ಅಂತ ಹೆಣ್ಣುಮಕ್ಕಳು ಕೇಳುತ್ತಾರೆ. ಆ ಹಣ ಹೋಗುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ, ಮೊಬೈಲ್ ನಂಬರಿಗಲ್ಲ. ಹಾಗಾಗಿ ನಂಬರ್ ಬದಲಾದ ಮಾತ್ರಕ್ಕೆ ನಿಲ್ಲುವುದಿಲ್ಲ. ಆದರೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಹಣ ಬಂತಾ ಅಂತ ನೋಡಲು ಆಧಾರ್ ಓಟಿಪಿ ಬೇಕಾಗುತ್ತದೆ. ಬಾಡಿಗೆ ಮನೆ ಬದಲಿಸಿದವರು ಗೃಹಜ್ಯೋತಿಯಲ್ಲಿ ಹಳೆಯ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್‌ನಲ್ಲಿರುವ ಸಂಪರ್ಕದ ಸಂಖ್ಯೆ) ಆಧಾರ್ ಬಿಡಿಸಿಕೊಂಡು ಹೊಸ ಮನೆಯದ್ದಕ್ಕೆ ಜೋಡಿಸಬೇಕು, ಅದು ಸೇವಾ ಸಿಂಧುವಿನಲ್ಲಿ ಆಗುತ್ತದೆ. ರೈತರು ಫ್ರೂಟ್ಸ್ ಐಡಿಯಲ್ಲಿರುವ ನಂಬರನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗ್ಯಾಸ್ ಸಿಲಿಂಡರ್ ತರುವವರು ಕೇಳುವ ಕೋಡ್ ಬರುವುದೂ ನೋಂದಾಯಿತ ನಂಬರಿಗೇ. ಏಜೆನ್ಸಿಗೆ ಪುಸ್ತಕ ಹಿಡಿದು ಹೋದರೆ ಅಲ್ಲೇ ಬದಲಿಸಿಕೊಡುತ್ತಾರೆ.

ಈಗ ಜನರಿಗೆ ಹೇಳಿ

ವಾಟ್ಸಾಪ್‌ನಲ್ಲಿ ಹೊಸ ನಂಬರಿಗೆ ಹೊಸ ಖಾತೆ ತೆರೆಯಬೇಡಿ. ಸೆಟ್ಟಿಂಗ್ಸ್, ಅಕೌಂಟ್, ಆಮೇಲೆ ‘ನಂಬರ್ ಬದಲಿಸಿ’. ಚಾಟ್, ಗುಂಪು, ಎಲ್ಲ ಹಾಗೇ ಉಳಿಯುತ್ತವೆ. ಯಾರಿಗೆ ತಿಳಿಸಬೇಕು ಅಂತ ಅದೇ ಕೇಳುತ್ತದೆ: ಎಲ್ಲ ಕಾಂಟ್ಯಾಕ್ಟ್‌ಗಳಿಗಾ, ಚಾಟ್ ಮಾಡಿದವರಿಗಾ, ನೀವು ಆರಿಸಿದವರಿಗಾ. ಮೂರನೆಯದೇ ಮೇಲು. ಹಿಂದೊಮ್ಮೆ ಫ್ರಿಜ್ ರಿಪೇರಿಗೆ ಬಂದವರಿಗೆ, ಸೈಟ್ ಮಾರುವ ಏಜೆಂಟರಿಗೆ ಹೊಸ ನಂಬರ್ ಯಾಕೆ? ನೀವಿರುವ ಗುಂಪುಗಳಿಗೆ ಮಾತ್ರ ಹೇಗೂ ಗೊತ್ತಾಗುತ್ತದೆ, ಹಾಗಾಗಿ ಬೇಡದ ಗುಂಪುಗಳಿಂದ ಮೊದಲೇ ಹೊರಬನ್ನಿ. ಕೆಲಸ ಮುಗಿದ ಮೇಲೆ ಆರಂಕಿಯ ಎರಡು ಹಂತದ ಪಿನ್ ಹಾಕಿ.

ಸ್ಟೇಟಸ್, ಫೇಸ್‌ಬುಕ್ ಗೋಡೆ ಮೇಲೆ ಹತ್ತಂಕಿ ಹಾಕುವುದು ಬೇಡ. ಹತ್ತಿರದವರಿಗೆ ಒಂದು ಕರೆ ಮಾಡಿ. ಯಾಕೆಂದರೆ ‘ನಾನು ನಿಮ್ಮ ಮಗ, ಇದು ನನ್ನ ಹೊಸ ನಂಬರ್, ತುರ್ತಾಗಿ ದುಡ್ಡು ಬೇಕು’ ಅನ್ನುವ ಮೋಸವೂ ನಡೆಯುತ್ತಿದೆ. ಅಮ್ಮ, ಅಪ್ಪ ನಿಮ್ಮ ಧ್ವನಿ ಕೇಳಿ, ಮಾತಾಡಿ, ಆಮೇಲೆ ಸೇವ್ ಮಾಡಿಕೊಳ್ಳಲಿ. ನೀವೂ ಯಾರದ್ದಾದರೂ ‘ಹೊಸ ನಂಬರ್’ ಬಂದಾಗ ಹಳೆಯದಕ್ಕೆ ಒಮ್ಮೆ ಕರೆ ಮಾಡಿ ನೋಡಿ.

ಸೇವ್ ಮಾಡುವಾಗ ಮುಂದೆ +91 ಹಾಕಿಕೊಳ್ಳಿ. ದುಬೈಗೋ ಅಮೆರಿಕಕ್ಕೋ ಹೋದಾಗಲೂ ಆ ನಂಬರ್ ಹಾಗೇ ಕೆಲಸ ಮಾಡುತ್ತದೆ.

ಅಪಾರ್ಟ್‌ಮೆಂಟ್, ಹಳೆ ವಿದ್ಯಾರ್ಥಿಗಳ ಬಳಗ, ಹೊರದೇಶದ ಕನ್ನಡ ಕೂಟ, ಎಲ್ಲ ಕಡೆ ಹೆಸರು-ನಂಬರಿನ ಒಂದು ಶೀಟ್ ಇರುತ್ತದೆ. ಸಾಮಾನ್ಯವಾಗಿ ಅದನ್ನು ‘ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು’ ಎಂದು ಇಟ್ಟಿರುತ್ತಾರೆ. ಆ ಲಿಂಕ್ ಒಮ್ಮೆ ಫಾರ್ವರ್ಡ್ ಆದರೆ ಮುಗಿಯಿತು. ಮನೆ ಸಂಖ್ಯೆ, ಹೆಣ್ಣುಮಕ್ಕಳ ಹೆಸರು, ನಂಬರ್ ಎಲ್ಲ ಊರ ಪಾಲು. ಇಂಥ ಪಟ್ಟಿ ನೋಡಿಕೊಳ್ಳುವವರು ನೀವಾದರೆ ಶೀಟ್ ಬದಲು ಗೂಗಲ್ ಫಾರ್ಮ್ ಇಡಿ. ಫಾರ್ಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಉತ್ತರ ತಿದ್ದಲು ಅವಕಾಶ’ ಚಾಲೂ ಮಾಡಿ, ಒಬ್ಬರಿಗೆ ಒಂದೇ ಉತ್ತರ ಎಂದೂ ಹಾಕಿ. ಆಗ ನಂಬರ್ ಬದಲಾದವರು ತಮ್ಮದನ್ನು ತಾವೇ ತಿದ್ದಿಕೊಳ್ಳುತ್ತಾರೆ, ನಿಮಗೆ ಫೋನ್ ಮಾಡುವ ಗೋಜಿಲ್ಲ. ಉತ್ತರಗಳ ಶೀಟ್ ಇಬ್ಬರು ಮೂವರ ಇಮೇಲ್‌ಗಷ್ಟೇ ತೆರೆದಿರಲಿ. ಕೇಳುವುದನ್ನೂ ಕಡಿಮೆ ಮಾಡಿ. ಹುಟ್ಟಿದ ದಿನ, ಆಧಾರ್ ಸಂಖ್ಯೆ ಕೇಳುವ ಸಂಘಗಳಿವೆ! ಗಣೇಶೋತ್ಸವದ ಚಂದಾಕ್ಕೆ ಅವೆಲ್ಲ ಯಾಕೆ ಬೇಕು?

ಅಂಗಡಿಯಲ್ಲಿ ಬಿಲ್ ಹಾಕುವಾಗ ನಂಬರ್ ಕೇಳಿದರೆ ಕೊಡಬೇಕಾ? ಬೇಡ ಅನ್ನಬಹುದು. ಬಿಲ್ ಕೊಡಲು ಗ್ರಾಹಕರ ಮೊಬೈಲ್ ನಂಬರಿಗೆ ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೂಚಿಸಿದೆ. ಎರಡು ಸಿಮ್ ಇಟ್ಟುಕೊಳ್ಳುವವರಿಗೆ ಇನ್ನೂ ಸುಲಭ. ಒಂದು ಬ್ಯಾಂಕ್, ಆಧಾರ್‌ಗೆ ಮಾತ್ರ. ಅದನ್ನು ಯಾವ ಅಂಗಡಿಗೂ, ಡೆಲಿವರಿ ಆ್ಯಪ್‌ಗೂ ಕೊಡಬೇಡಿ.

ಅಪ್‌ಡೇಟ್ ಹೆಸರಿನ ಮೋಸ

ನೀವು ಇಷ್ಟೆಲ್ಲ ಅಪ್‌ಡೇಟ್ ಮಾಡುತ್ತಿರುವ ಹೊತ್ತಿನಲ್ಲೇ ‘ಕೆವೈಸಿ ಮುಗಿದಿದೆ, ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬಂದರೆ ನಿಜ ಅನಿಸಿಬಿಡುತ್ತದೆ. ನೀವಾಗಿ ಬ್ಯಾಂಕಿನ ತಾಣಕ್ಕೆ ಹೋಗುವುದು ಒಂದು, ಅವರು ಕಳಿಸಿದ ಲಿಂಕ್‌ನಿಂದ ಹೋಗುವುದು ಇನ್ನೊಂದು. ಎರಡನೆಯದನ್ನು ಮಾಡಲೇಬೇಡಿ. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್‌ಗಳು (ಒತ್ತಿದರೆ ಆ್ಯಪ್ ಆಗಿ ಕೂರುವಂಥವು) ಬ್ಯಾಂಕ್ ಹೆಸರಲ್ಲಿರಲಿ, ಮದುವೆ ಆಮಂತ್ರಣದ ಹೆಸರಲ್ಲಿರಲಿ, ಮುಟ್ಟಬೇಡಿ. ಅವು ಫೋನಿನೊಳಗೆ ಕೂತು ನಿಮ್ಮ ಓಟಿಪಿ ಓದುತ್ತವೆ. ‘ನಿಮ್ಮ ನಂಬರ್ ಎರಡು ಗಂಟೆಯಲ್ಲಿ ಬಂದ್ ಆಗುತ್ತೆ, 9 ಒತ್ತಿ’ ಅನ್ನುವ ಕರೆ ಟ್ರಾಯ್‌ನದ್ದಲ್ಲ. ಟ್ರಾಯ್ ಹಾಗೆ ಯಾರಿಗೂ ಕರೆ ಮಾಡುವುದಿಲ್ಲ. ಸ್ಟಾರ್ 401 ಎಂದು ಶುರುವಾಗುವ ಕೋಡ್ ಒತ್ತಲು ಯಾರಾದರೂ ಹೇಳಿದರೆ ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸಿಕೊಳ್ಳುತ್ತಿದ್ದಾರೆ ಎಂದರ್ಥ.

ಹಣ ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.

ಹೊರದೇಶದಲ್ಲಿರುವವರಿಗೆ

ಭಾರತದ ನಂಬರ್ ಬಿಡಬೇಡಿ. ಆಧಾರ್‌ಗೆ ಹೊರದೇಶದ ಮೊಬೈಲ್ ಜೋಡಿಸಲು ಆಗುವುದಿಲ್ಲ. ಯುಪಿಐ ಮಾತ್ರ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ, ಕತಾರ್, ಒಮಾನ್ ಸೇರಿದಂತೆ ಹತ್ತು ದೇಶಗಳ ನಂಬರಿಗೂ ಸಿಗುವಂತೆ ಎನ್‌ಪಿಸಿಐ 2023ರಲ್ಲಿ ಅವಕಾಶ ಮಾಡಿತು. ಅದಕ್ಕೆ ಅನಿವಾಸಿ ಭಾರತೀಯರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆ ಇರಬೇಕು. ಊರಿನ ಸಿಮ್‌ಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಹಾಕಿಸಿ. ಇಂಥ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ ನಿಯಮವೇ ಇದೆ, ಇಂಟರ್ನೆಟ್ ದುಡ್ಡು ಯಾಕೆ ಕಟ್ಟುವುದು? ಪ್ಲಾನ್ ಮುಗಿದರೆ ಒಳಬರುವ ಎಸ್ಸೆಮ್ಮೆಸ್ ನಿಲ್ಲಬಹುದು, ಆದ್ದರಿಂದ ವ್ಯಾಲಿಡಿಟಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಸಿಮ್ ಫೋನಿನಲ್ಲೇ ಇರಲಿ, ಡ್ರಾಯರ್‌ನಲ್ಲಿ ಬೇಡ.

ಹಳೆಯ ಸಿಮ್ ಬಿಡುವುದು, ಹೊಸ ನಂಬರಿನ ಹಳೆಯ ಒಡೆಯ

ಪಟ್ಟಿಯಲ್ಲಿ ಎಲ್ಲ ಗೆರೆ ಎಳೆದಾದ ಮೇಲೂ ಎರಡು ಮೂರು ತಿಂಗಳು ಹಳೆಯ ಸಿಮ್ ಚಾಲೂ ಇಡಿ. ಅದಕ್ಕೆ ಬರುವ ಒಂದೊಂದು ಮೆಸೇಜ್ ಕೂಡ ನೀವು ಮರೆತ ಒಂದು ಜಾಗ. ಮೆಸೇಜ್ ಬರುವುದು ನಿಂತ ಮೇಲೆ ಸಂಚಾರ್ ಸಾಥಿ ತಾಣಕ್ಕೆ ಹೋಗಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಅಲ್ಲಿ ಕಾಣುತ್ತದೆ. ನಿಮ್ಮದಲ್ಲದ್ದು, ಬೇಡವಾದ್ದು ಯಾವುದಿದ್ದರೂ ಅಲ್ಲೇ ತಿಳಿಸಬಹುದು.

ಇನ್ನು ನಿಮಗೆ ಸಿಕ್ಕ ಹೊಸ ನಂಬರ್ ಕೂಡ ಯಾರೋ ಬಿಟ್ಟಿದ್ದೇ ಆಗಿರಬಹುದು. ಅವರ ಬ್ಯಾಂಕ್ ಮೆಸೇಜ್, ಅವರ ಸಾಲದ ವಸೂಲಿ ಕರೆ ನಿಮಗೆ ಬರುತ್ತವೆ. ವಾಟ್ಸಾಪ್ ಹಾಕಿದಾಗ ಯಾರದ್ದೋ ಗುಂಪುಗಳು ಕಂಡರೆ ಅವುಗಳಿಂದ ಹೊರಬನ್ನಿ, ಅವರಿಗೆ ಬಂದ ಓಟಿಪಿಯನ್ನು ಎಲ್ಲೂ ಹಾಕಬೇಡಿ. ಮೆಸೇಜ್ ಬರುತ್ತಿರುವ ಬ್ಯಾಂಕಿನ ಗ್ರಾಹಕ ಸೇವೆಗೆ, ಅವರ ಅಧಿಕೃತ ತಾಣದಲ್ಲಿರುವ ವಿಳಾಸ ಅಥವಾ ನಂಬರ್ ನೋಡಿಕೊಂಡೇ, ‘ಈ ನಂಬರ್ ಈಗ ನನ್ನದು, ಆ ಖಾತೆಯಿಂದ ತೆಗೆಯಿರಿ’ ಎಂದು ಇಮೇಲ್ ಅಥವಾ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ವಸೂಲಿಯವರು ಬಿಡದೆ ಕಾಡಿದರೆ ಸಿಮ್ ಕೊಂಡ ದಿನಾಂಕದ ರಸೀದಿ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಮೊದಲ ವಾರದಲ್ಲೇ ಅಂಗಡಿಗೆ ಹೋಗಿ ಬೇರೆ ನಂಬರ್ ತಗೊಳ್ಳಿ. ಹಾಗಾಗಿ ಆಧಾರ್‌ಗೆ ಜೋಡಿಸುವ ಮೊದಲು ಹೊಸ ಸಿಮ್ ಅನ್ನು ಒಂದು ವಾರ ಸುಮ್ನೆ ಫೋನಿನಲ್ಲಿಟ್ಟು ಯಾರ ಕರೆ ಬರುತ್ತದೆ ನೋಡಿ.